ಪೊಕೋರ್ನಿಯವರು ಪ್ರವಾಸಿಯಾದ ದಿನ

ವಿಯೆನ್ನಾದ ನಮ್ಮ ಕಾಫಿಮನೆಗೆ ಜನ ಕಾಫಿ ಕುಡಿಯಲು ಬರುತ್ತಾರೆಂದು ಮಾಲಕಿ ಮಿಟರರ್ ಅಮ್ಮ ನಂಬಿದ್ದರು. ಶುದ್ಧ ಸುಳ್ಳು. ಜನ ಬರುತ್ತಿದ್ದುದು ಹಿರಿಯ ಮಾಣಿ ಅಲೋಯಿಸ್ ಪೊಕೋರ್ನಿಯವರಿಂದ ಬೈಸಿಕೊಳ್ಳಲು.

ಮೂವತ್ತೆಂಟು ವರ್ಷ ಅದೇ ಕರಿ ಕೋಟು, ಅದೇ ಬೋ ಟೈ, ಅದೇ ಗಂಟುಮೋರೆ. ಪ್ರವಾಸಿ ಯಾರಾದರೂ "ಒಂದು ಕಾಫಿ" ಎಂದರೆ ಮುಗಿಯಿತು. "ಯಾವ ಕಾಫಿ? ಬಟ್ಟೆ ಅಂಗಡೀಲಿ ಒಂದು ಬಟ್ಟೆ ಕೊಡಿ ಅಂತೀರಾ, ಡಾಕ್ಟ್ರೇ?" ಬೈದರೂ ಬಿರುದು ಕೊಟ್ಟೇ ಬೈಯುವುದು ನಮ್ಮೂರಿನ ಕ್ರಮ. ಕನ್ನಡಕ ಇದ್ದವರು ಡಾಕ್ಟರು, ಜೊತೆಗೆ ಗಡ್ಡವೂ ಇದ್ದರೆ ಪ್ರೊಫೆಸರು. ಆದರೆ ಒಂದೇ ಕಾಫಿ ಇಟ್ಟುಕೊಂಡು ಬೆಳಗಿನಿಂದ ಸಂಜೆವರೆಗೆ ಕೂತವರನ್ನೂ ಅವರು ಎಬ್ಬಿಸಿದವರಲ್ಲ. ನೀರಿನ ಲೋಟ ಖಾಲಿಯಾದರೆ ಗೊಣಗುತ್ತಲೇ ಇನ್ನೊಂದು ತಂದಿಡುತ್ತಿದ್ದರು. ಗಿರಾಕಿ ಕೇಳದೆ ಬಿಲ್ಲು ತರುವುದೆಂದರೆ ನಮ್ಮಲ್ಲಿ ಕತ್ತು ಹಿಡಿದು ನೂಕಿದ ಹಾಗೆ.

ಆ ಶನಿವಾರ ಅವರಿಗೆ ನಿವೃತ್ತಿ. ಅವರ ಬೋ ಟೈ, ಅಂದರೆ ಹಿರಿಯ ಮಾಣಿಯ ಪಟ್ಟ, ಇನ್ನು ಯಾರ ಕೊರಳಿಗೆ ಎಂದು ಅವರೇ ಹೇಳಬೇಕು. ಹನ್ನೆರಡು ವರ್ಷ ಅವರ ಕೈಕೆಳಗೆ ದುಡಿದ ನನಗೆ ಅದರ ಆಸೆ ಇತ್ತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಅವರಿಗೆ ನನ್ನ ಮೇಲಿದ್ದುದು ಒಂದೇ ದೂರು.

"ಲೋ ರೂಡಿ, ನಿನ್ನೆ ಮೂರನೇ ಟೇಬಲ್ಲಿನವರ ಹತ್ರ ನಕ್ಕೆಯಂತೆ?"

"ಅವರ ಮಗು ಮುದ್ದಾಗಿತ್ತು ಸಾರ್."

"ಮುದ್ದು ಮಾಡೋಕೆ ಅದರ ಅಜ್ಜಿ ಇದಾಳೆ. ಹಲ್ಲು ಕಿರಿಯೋನಿಗೆ ಬೋ ಟೈ ಕೊಟ್ರೆ ಈ ಅಂಗಡಿ ಉದ್ಧಾರ ಆದಂಗೇ."

ಬೀಳ್ಕೊಡುಗೆಗೆಂದು ನಾವೆಲ್ಲ ಸೇರಿ ಅವರಿಗೆ ಒಂದು ದಿನದ ವಿಯೆನ್ನಾ ಪ್ರವಾಸದ ಟಿಕೆಟ್ಟು ಕೊಟ್ಟೆವು. ಕುಚೇಷ್ಟೆ ನನ್ನದೇ. ಅರಮನೆಗೆ ದಾರಿ ಕೇಳಿದವರನ್ನೆಲ್ಲ "ಎಡಕ್ಕೆ" ಎಂದು ಕಳಿಸುತ್ತಿದ್ದ ಮನುಷ್ಯ ಒಮ್ಮೆಯೂ ಅರಮನೆ ನೋಡಿರಲಿಲ್ಲ. ಮನೆಯಿಂದ ಟ್ರಾಮು, ಟ್ರಾಮಿನಿಂದ ಕಾಫಿಮನೆ, ಅಷ್ಟೇ ಅವರ ವಿಯೆನ್ನಾ. ನಿವೃತ್ತಿಗೆ ಎರಡು ದಿನ ಮುಂಚೆ, ಗುರುವಾರ ಬೆಳಿಗ್ಗೆ, ಕೊರಳಿಗೆ ಪ್ರವಾಸ ಕಂಪನಿಯ ಹಳದಿ ಚೀಟಿ ನೇತುಹಾಕಿಕೊಂಡು ಬಸ್ಸು ಹತ್ತಿದರು.

ಮಧ್ಯಾಹ್ನ ನಾಲ್ಕಕ್ಕೆ ನಮ್ಮ ಬಾಗಿಲು ತೆರೆಯಿತು. ಅದೇ ಹಳದಿ ಚೀಟಿ, ಕೈಯಲ್ಲಿ ನಕ್ಷೆ, ಬಿಸಿಲಿಗೆ ಕೆಂಪಾದ ಮೂಗು. ಪೊಕೋರ್ನಿಯವರು ಕಿಟಕಿ ಪಕ್ಕದ ಟೇಬಲ್ಲಿಗೆ ಬಂದು ಕುಸಿದು ಕೂತರು. ಕಾಫಿಮನೆಯೊಳಗೆ ಅವರು ಕೂತಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಅರಮನೆ ಬಲಕ್ಕಿದೆ ಕಣೋ," ಎಂದರು ಕ್ಷೀಣ ದನಿಯಲ್ಲಿ.

"ಹೌದು ಸಾರ್."

"ನಿಂಗೆ ಗೊತ್ತಿತ್ತಾ?"

"ನೀವು ಎಡಕ್ಕೆ ಅಂದಾಗೆಲ್ಲ ನಾನು ಅವರ ಹಿಂದೆ ಓಡಿಹೋಗಿ ಬಲಕ್ಕೆ ಅಂತ ಹೇಳಿ ಬರ್ತಿದ್ದೆ."

ಅದಕ್ಕೂ ಅವರು ಬೈಯಲಿಲ್ಲ. ನನಗೆ ನಿಜಕ್ಕೂ ಭಯವಾಯಿತು.

"ಅರಮನೆ ಪಕ್ಕ ಒಂದು ಕಾಫಿ ಅಂಗಡಿಗೆ ಹೋದೆ ರೂಡಿ. ಮಾಣಿ ನಕ್ಕ. ಆರೋಗ್ಯ ವಿಚಾರಿಸ್ದ. ನಾನಿನ್ನೂ ಎರಡು ಗುಟುಕು ಕುಡಿದಿಲ್ಲ, ಕೇಳದೇನೇ ಬಿಲ್ಲು ತಂದಿಟ್ಟ! ನಗ್ತಾ ನಗ್ತಾನೇ ನನ್ನ ಹೊರಗೆ ಹಾಕ್ದ."

ಅವರ ಕಣ್ಣಲ್ಲಿ ನೀರಿತ್ತು. ತಬ್ಬಿ ಸಮಾಧಾನ ಮಾಡೋಣವೆನಿಸಿತು. ತಬ್ಬಿದ್ದರೆ ಬೋ ಟೈ ಕೈಬಿಟ್ಟ ಹಾಗೇ.

"ಏನು ಕೊಡ್ಲಿ ಸಾರ್?"

ಆಯಾಸದಲ್ಲಿ ಅವರ ಬಾಯಿಂದ ಜಾರಿಯೇ ಬಿಟ್ಟಿತು: "ಒಂದು ಕಾಫಿ."

ಸುತ್ತ ಗಿರಾಕಿಗಳು ಓದುತ್ತಿದ್ದ ಪತ್ರಿಕೆಗಳೆಲ್ಲ ಒಟ್ಟಿಗೆ ಕೆಳಗಿಳಿದವು. ನಾನು ಉಸಿರು ಎಳೆದುಕೊಂಡೆ.

"ಯಾವ ಕಾಫಿ? ನಾನೇನು ಜ್ಯೋತಿಷಿನಾ, ಪ್ರೊಫೆಸರ್ ಸಾಹೇಬ್ರೇ? ಕೊರಳಿಗೆ ಚೀಟಿ ಕಟ್ಕೊಂಡು ಬಂದ್ಬಿಟ್ರೆ ಎಲ್ಲಾ ಗೊತ್ತಾಗುತ್ತಾ? ಮೊದ್ಲು ಆ ನಕ್ಷೆ ತೆಗೀರಿ, ಟೇಬಲ್ಲು ನಿಮ್ಮಪ್ಪಂದಲ್ಲ!"

ತಟ್ಟೆ ಹಿಡಿದು ಅವರದೇ ಗಂಟುಮೋರೆ ಹಾಕಿಕೊಂಡು ನಿಂತೆ.

ಪೊಕೋರ್ನಿಯವರ ಮುಖ ನಿಧಾನವಾಗಿ ಅರಳಿತು. ಅವರಿಗೊಂದು ಚಿನ್ನದ ಹಲ್ಲಿದೆಯೆಂದು ಮಿಟರರ್ ಅಮ್ಮನಿಗೂ ಅವತ್ತೇ ಗೊತ್ತಾಗಿದ್ದು.

"ನಂಗೆ ಗಡ್ಡ ಇಲ್ವಲ್ಲೋ, ಪ್ರೊಫೆಸರ್ ಹೆಂಗಾದೆ?" ಎನ್ನುತ್ತಾ ಜೇಬಿನಿಂದ ಬೋ ಟೈ ತೆಗೆದು ನನ್ನ ತಟ್ಟೆಯಲ್ಲಿಟ್ಟರು. ಪ್ರವಾಸಕ್ಕೂ ಅದನ್ನು ಒಯ್ದಿದ್ದರು ಪುಣ್ಯಾತ್ಮರು.

ಅಂದು ಬಾಗಿಲು ಹಾಕುವವರೆಗೂ ಕೂತರು. ಗೊಣಗುತ್ತಾ ಏಳು ಸಲ ನೀರು ತಂದಿಟ್ಟೆ. ಈಗಲೂ ದಿನಾ ಬರುತ್ತಾರೆ, ಅದೇ ಟೇಬಲ್ಲು, ನಾಲ್ಕು ಗಂಟೆಗೆ. ಬಂದು ಬೈಸಿಕೊಂಡು ಹೋಗುತ್ತಾರೆ. ಆರು ವರ್ಷವಾಯಿತು, ಅವತ್ತಿನ ಕಾಫಿಯ ಬಿಲ್ಲನ್ನು ಅವರಿನ್ನೂ ಕೇಳಿಲ್ಲ. ಕೇಳದೆ ತಂದಿಡಲು ನಾನೇನು ಅರಮನೆ ಪಕ್ಕದವನಲ್ಲ.