ಹಲಗೆಯ ಮೇಲಿನ ಹುಂಜ

ಎರಡು ವರ್ಷದ ಹಿಂದಿನ ಮಾತು. ಬಿಳಿಕೆರೆಯಲ್ಲಿ, ಮೈಸೂರು–ಹುಣಸೂರು ರಸ್ತೆಯ ಪಕ್ಕದಲ್ಲೇ ನನ್ನ ರೇಡಿಯಂ ಸ್ಟಿಕ್ಕರ್ ಅಂಗಡಿ. ಸುತ್ತಮುತ್ತಲ ಆಟೋ, ಟ್ರ್ಯಾಕ್ಟರ್, ಬೈಕುಗಳ ಮೇಲಿರುವ ದೇವರು, ಹುಲಿ, ಮಕ್ಕಳ ಹೆಸರುಗಳಲ್ಲಿ ಮುಕ್ಕಾಲು ಪಾಲು ನನ್ನ ಕೈಯವೇ. ಆ ಜಂಬ ನನಗೆ ಸ್ವಲ್ಪ ಹೆಚ್ಚೇ ಇತ್ತು.

ಒಂದು ಶನಿವಾರ ಬೆಳಿಗ್ಗೆ ನಮ್ಮೂರ ಹುಡುಗಿ ಚಂದನಾ, ಕಾಲೇಜಿಗೆ ಹೋಗುವ ಅವಸರದಲ್ಲಿ ಅಂಗಡಿಗೆ ಬಂದಳು. ಕೈಯಲ್ಲಿ ಸ್ಕೇಟ್‌ಬೋರ್ಡ್, ಅಂದರೆ ಮೇಲೆ ನಿಂತು ಓಡಿಸುವ, ನಾಲ್ಕು ಪುಟ್ಟ ಚಕ್ರದ ಹಲಗೆ. ಜೊತೆಗೆ ನೋಟ್‌ಬುಕ್ಕಿನ ಹಾಳೆಯಲ್ಲಿ ತಾನೇ ಬರೆದ ಹುಂಜದ ಚಿತ್ರ.

“ಮಂಜಣ್ಣ, ನಾಳೆ ಮೈಸೂರಲ್ಲಿ ನನ್ ಮೊದಲನೇ ಕಾಂಪಿಟೇಶನ್. ಈ ಹುಂಜನ್ನ ಬೋರ್ಡಿಗೆ ಅಂಟ್ಸಿಕೊಡಿ, ಸಾಯಂಕಾಲ ಬತ್ತೀನಿ,” ಎಂದವಳೇ ಬಸ್ಸು ಹತ್ತಿದಳು.

ಹಲಗೆಯ ಮೇಲ್ಭಾಗ ಕರ್ರಗೆ, ಒರಟಾಗಿತ್ತು. ಪಾಪ, ಹಳೇ ಕೊಳೆ ಎಂದುಕೊಂಡೆ. ಬ್ಲೇಡಿನಿಂದ ಹೆರೆದು, ಥಿನ್ನರ್ ಹಾಕಿ ಒರೆಸಿ, ಹಳದಿ ರೇಡಿಯಂ ಹಾಸಿ, ಅದರ ಮೇಲೆ ಕೆಂಪು ಜುಟ್ಟಿನ ಹುಂಜ ಕೂರಿಸಿದೆ. ಒಂದು ಗುಳ್ಳೆ ಇಲ್ಲ, ಒಂದು ಸುಕ್ಕಿಲ್ಲ. ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ತೋರಿಸಿದೆ.

ಸಂಜೆ ಬಂದ ಚಂದನಾಳ ಮುಖ ಸಪ್ಪಗಾಯಿತು.

“ಅಯ್ಯೋ, ಏನ್ ಮಾಡ್ಬುಟ್ರಿ! ಅದು ಕೊಳೆಯಲ್ಲ ಕಣಣ್ಣ, ಕಾಲು ಜಾರ್ದಂಗೆ ಇಡ್ಕೊಳೋ ಕಾಗದ. ಚಿತ್ರ ಬರೋದು ಅಡೀಲಿ.”

“ಅಡೀಲಿದ್ರೆ ಯಾರವ್ವ ನೋಡ್ತಾರೆ?”

“ನಾನು ಬೋರ್ಡ್ ಸಮೇತ ಎಗರ್ದಾಗ ಎಲ್ರೂ ನೋಡ್ತಾರೆ.”

ಭೂಮಿ ಬಾಯಿಬಿಟ್ಟರೆ ಒಳಗೆ ಹೋಗಿಬಿಡೋಣ ಎನ್ನಿಸಿತು. ಆ ಕಾಗದ ನಮ್ಮ ಕಡೆ ಸಿಗುವುದಿಲ್ಲ, ತರಿಸಲು ನಾಲ್ಕು ದಿನ ಬೇಕು. ಈ ನುಣುಪಿನ ಮೇಲೆ ಎಗರಿದರೆ ಹುಡುಗಿಯ ಕೈಕಾಲು ಮುರಿಯುವುದು ಖಂಡಿತ. ಬೈಯಲಿ ಎಂದು ತಲೆ ತಗ್ಗಿಸಿ ನಿಂತೆ. ಅವಳು ಕಣ್ಣೊರೆಸಿಕೊಂಡು, “ನೀವೇ ಏನಾದ್ರೂ ಮಾಡಿ ಮಂಜಣ್ಣ. ನಿಮ್ ಕೈ ನಂಗೊತ್ತು,” ಎಂದಳು.

ಹಾರ್ಡ್‌ವೇರ್ ಅಂಗಡಿಗೆ ಓಡಿದೆ. ಬಡಗಿಗಳು ಮರ ಉಜ್ಜುವ ಉಪ್ಪುಕಾಗದದಲ್ಲಿ ಅತಿ ಒರಟಾದದ್ದು, ಚಪ್ಪಲಿ ಅಂಟಿಸುವ ಗಮ್ ತಂದೆ. ರೇಡಿಯಂ ಕಿತ್ತು ಉಪ್ಪುಕಾಗದ ಅಂಟಿಸಿ, ಇಟ್ಟಿಗೆ ಹೇರಿ ಒಣಗಿಸಿದೆ. ಅಷ್ಟರಲ್ಲಿ ಅವಳೇ ಹೊಸ ಹುಂಜ ಕತ್ತರಿಸಿ, ಇಟ್ಟಿಗೆ ಇಳಿಸಿದ ಮೇಲೆ ಹಲಗೆಯ ತಳಕ್ಕೆ ಅಂಟಿಸಿದಳು. ಅವಳ ಕೈಗೆ ಕೊಡುವ ಮೊದಲು ನಾನೇ ಪರೀಕ್ಷೆ ಮಾಡಬೇಕೆಂದು ಅಂಗಡಿ ಮುಂದಿನ ಸಿಮೆಂಟಿನ ಮೇಲೆ ಹಲಗೆ ಹತ್ತಿದೆ. ಎರಡು ಮಾರು ಹೋದೆನೋ ಇಲ್ಲವೋ, ಬಸ್ಸು ಕಾಯುತ್ತಿದ್ದವರ ಎದುರಿಗೇ ಹಲಗೆ ಸಮೇತ ಉರುಳಿಬಿದ್ದೆ. ಒಬ್ಬ ಅಜ್ಜಿ, “ಈ ವಯಸ್ನಲ್ಲಿ ಬೇಕಿತ್ತೇನಪ್ಪ?” ಎಂದರು.

ಚಂದನಾ ಹೊಟ್ಟೆ ಹಿಡಿದು ನಗುತ್ತಿದ್ದಳು. “ಅಣ್ಣ, ಬಿದ್ದಿದ್ದು ನೀವು, ಕಾಲು ಜಾರ್ಲೇ ಇಲ್ಲ! ಕಾಗದ ಗಟ್ಟಿಯಾಗೈತೆ ಬುಡಿ.”

ಮರುದಿನ ಅಂಗಡಿ ಮುಚ್ಚಿ ನಾನೂ ಮೈಸೂರಿಗೆ ಹೋದೆ. ಅವಳು ಎಗರಿದಾಗಲೆಲ್ಲ ಉಸಿರು ಬಿಗಿಹಿಡಿದೆ. ಒಂದು ಸಲ ಬಿದ್ದಳು, ಮತ್ತೆ ಎದ್ದಳು. ಬಹುಮಾನ ಬರಲಿಲ್ಲ. ಓಡಿ ಬಂದು, “ಕಾಗದ ಒಂಚೂರೂ ಏಳ್ಲಿಲ್ಲ ಕಣಣ್ಣ!” ಎಂದು ಹಲಗೆ ತೋರಿಸಿದಳು. ನನಗೆ ಕಣ್ಣು ತುಂಬಿ ಬಂತು.

ಬೇರೆ ಯಾರಾದರೂ ಆಗಿದ್ದರೆ ಆ ಸಂಜೆ ಹಲಗೆ ಕಿತ್ತುಕೊಂಡು ಹೋಗುತ್ತಿದ್ದರು. ಅವಳು ಮಾತ್ರ, ಕೆಡಿಸಿದ ಕೈಗೇ ಮತ್ತೆ ಕೊಟ್ಟಳು. ಈಗ ಯಾರೇ ಬರಲಿ, “ಎಲ್ಲಿಗೆ ಅಂಟಿಸಬೇಕು?” ಎಂದು ಎರಡು ಸಲ ಕೇಳುತ್ತೇನೆ. ಟ್ರ್ಯಾಕ್ಟರಿನವರು ನಗುತ್ತಾರೆ. ನಗಲಿ.