ಹೊಂಗೆ ಮರದ ಕೆಳಗೆ ಕಾದ ಪ್ರಶಸ್ತಿ

ಅಕ್ಕ ಹೋಗಿ ಹದಿಮೂರು ದಿನವಾಯಿತು. ಬಂದವರೆಲ್ಲ ಅವಳ ಕೊನೆಯ ಕಾಯಿಲೆಯನ್ನೇ ಕೇಳುತ್ತಾರೆ. ನನಗೆ ಮಾತ್ರ ಅವಳು ಇನ್ನೂ ಹದಿನೇಳರ ಹುಡುಗಿಯಾಗಿಯೇ ಕಾಣುತ್ತಾಳೆ.

ಅರವತ್ತರ ದಶಕದ ಆರಂಭ. ಶಿಡ್ಲಘಟ್ಟದ ಹತ್ತಿರದ ನಮ್ಮೂರಿಗೆ ಸಿಡುಬಿನ ದಾಕು, ಅಂದರೆ ಲಸಿಕೆ, ಹಾಕುವವರು ಬಂದರೆ ಒಂದು ಬಾಗಿಲೂ ತೆರೆಯುತ್ತಿರಲಿಲ್ಲ. ಮನೆಮನೆಯಲ್ಲೂ ರೇಷ್ಮೆ ಹುಳ. ಹೊರಗಿನವರು ಒಳಗೆ ಬಂದರೆ ಹುಳಕ್ಕೆ ರೋಗ ತಗಲುತ್ತದೆಂಬ ಭಯ. ಅಕ್ಕ ಆ ದಾಕಿನವರನ್ನು ಬೆಳಿಗ್ಗೆ ಹಿಪ್ಪುನೇರಳೆ ತೋಟಕ್ಕೇ ಕರೆದೊಯ್ದಳು. ಸೊಪ್ಪು ಬಿಡಿಸಲು ಬಂದಿದ್ದ ಹೆಂಗಸರ ಎದುರು ಮೊದಲು ತಾನು ತೋಳು ಚಾಚಿದಳು, ಆಮೇಲೆ ಅಳುತ್ತಿದ್ದ ನನ್ನನ್ನು ಎಳೆದು ನಿಲ್ಲಿಸಿದಳು. ಹೀಗೆ ತೋಟದಿಂದ ತೋಟಕ್ಕೆ ಅಲೆದು ಊರಿಗೆಲ್ಲ ದಾಕು ಹಾಕಿಸಿದಳು.

ಮರುವರ್ಷ ಕಾಗದ ಬಂತು. ಜನಸೇವೆ ಮಾಡಿದ ಯುವಜನರಿಗೆ ಸರ್ಕಾರ ಕೊಡುವ ಪ್ರಶಸ್ತಿ ಅಕ್ಕನಿಗೆ. ಚಿಕ್ಕಬಳ್ಳಾಪುರದ ಸಮಾರಂಭಕ್ಕೆ ಬರಬೇಕು. ಅವಳು ಹೊಸ ದಾವಣಿ ಮಡಿಸಿಟ್ಟು ದಿನ ಎಣಿಸಿದಳು. ಆದರೆ ಅವತ್ತು ಬೆಳಿಗ್ಗೆಯೇ ಹುಳ ಹಣ್ಣಾಗತೊಡಗಿದವು, ಗೂಡು ಕಟ್ಟುವ ಹದಕ್ಕೆ ಬಂದವು. ಹಣ್ಣಾದ ಹುಳವನ್ನು ಆಗಲೇ ಆರಿಸಿ, ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ಬೆಳೆಯೇ ಹಾಳು.

"ಸರ್ಕಾರದೋರು ನಾಳೆಗೂ ಇರ್ತಾರೆ, ಹುಳ ಇರಲ್ಲ ಕಣಮ್ಮ" ಎಂದಳು ನಮ್ಮಜ್ಜಿ. ಅಕ್ಕ ತುಟಿ ಕಚ್ಚಿಕೊಂಡು ಹುಳದ ತಟ್ಟೆಯ ಮುಂದೆ ಕುಳಿತಳು.

ಮರುದಿನವೂ ಆರಿಸುತ್ತಲೇ ಇದ್ದೆವು. ಪ್ಯಾಂಟು ತೊಟ್ಟವರೊಬ್ಬರು ಬಾಗಿಲಿಗೆ ಬಂದರು.

"ಅಲ್ಲೇ ನಿಂತ್ಕೊಳಪ್ಪ!" ಅಜ್ಜಿ ಗದರಿದಳು. "ಗೂಡು ಕೊಳ್ಳಾಕೆ ಬಂದಿದ್ರೆ ಐದು ದಿನ ಬಿಟ್ಟು ಬಾ."

"ಕಾಯ್ತೀನಿ ತಾಯಿ" ಎಂದು ನಕ್ಕು ಅವರು ಎದುರಿನ ಹೊಂಗೆ ಮರದ ಕೆಳಗೆ ಕೂತರು. ಒಂದು ಗಂಟೆಯ ಮೇಲೆ ಅಕ್ಕ ಹೊರಬಂದಾಗ ಎದ್ದು ನಿಂತರು. ಅವರು ತಾಲ್ಲೂಕಿನ ಅಧಿಕಾರಿಗಳು. ಅಂಥವರ ಎದುರು ನಮ್ಮಪ್ಪ ಕೂರುತ್ತಲೇ ಇರಲಿಲ್ಲ. ಅವರು ಅಕ್ಕನಿಗಾಗಿ ಎದ್ದದ್ದನ್ನು ನಾನು ಬಾಗಿಲಿಗೆ ಬಂದು ನೋಡಿದೆ.

"ನಿನ್ನೆ ನಿಮ್ಮ ಹೆಸರು ಕರೆದಾಗ ಯಾರೂ ಬರಲಿಲ್ಲಮ್ಮ. ಅದಕ್ಕೆ ನಾನೇ ತಂದೆ."

ಅಕ್ಕ ಕೈ ಒರೆಸಿಕೊಂಡು ಪ್ರಶಸ್ತಿ ಪತ್ರ ತೆಗೆದುಕೊಂಡಳು. ಗಟ್ಟಿಯಾಗಿ ಓದಿದಳು, ತನ್ನ ಹೆಸರನ್ನು ಎರಡು ಸಲ ಓದಿದಳು.

"ಅಯ್ಯೋ, ಸಾಹೇಬರನ್ನ ಹೊರಗೆ ಕೂರಿಸಿಬಿಟ್ನಲ್ಲೇ!" ಎಂದು ಅಜ್ಜಿ ಮಜ್ಜಿಗೆ ತರಲು ಓಡಿದಳು.

"ಸಾರ್, ಪಕ್ಕದೂರಲ್ಲೂ ಬಾಗಿಲು ತೆಗೆಯಲ್ಲ" ಎಂದಳು ಅಕ್ಕ. "ದಾಕು ಹಾಕೋರನ್ನ ಕಳಿಸಿ, ನಾನು ತೋಟಕ್ಕೆ ಕರ್ಕೊಂಡು ಹೋಗ್ತೀನಿ."

"ಯಾವತ್ತು ಕಳಿಸಲಿ?"

"ಗೂಡು ಬಿಡಿಸಿದ ಮಾರನೇ ದಿನ."

ಅವರು ಜೇಬಿನಿಂದ ಪುಸ್ತಕ ತೆಗೆದು, ನಿಂತುಕೊಂಡೇ ಬರೆದುಕೊಂಡರು.