ಒಂದೇ ಕೋಟು ತೊಟ್ಟವರು

ಬಂಗಾರಪೇಟೆಯ ನನ್ನ ಸ್ಟುಡಿಯೋದಲ್ಲಿ, ಕನ್ನಡಿಯ ಪಕ್ಕದ ಮೊಳೆಗೆ ಒಂದು ಕಪ್ಪು ಕೋಟು ನೇತಾಡುತ್ತಿರುತ್ತದೆ. ನಿಮ್ಮೂರಿನ ಸ್ಟುಡಿಯೋದಲ್ಲೂ ಇಂಥದ್ದೊಂದನ್ನು ನೀವು ನೋಡಿರುತ್ತೀರಿ, ತೊಟ್ಟೂ ಇರುತ್ತೀರಿ. ಬೇತಮಂಗಲದ ಗದ್ದೆಯ ಕೆಸರು ತೊಳೆದುಕೊಂಡು ಬಂದವನೂ, ಚಾಂಪಿಯನ್ ರೀಫ್ಸಿನ ಹಳೆಯ ಗಣಿ ಕೆಲಸಗಾರನೂ, ಹೆಣ್ಣು ನೋಡಲು ಹೊರಟ ಹುಡುಗನೂ ಇದರೊಳಗೆ ಕೈತೂರಿಸಿ, ನೀಲಿ ಪರದೆಯ ಮುಂದೆ ಕೂತು, ಉಸಿರು ಬಿಗಿಹಿಡಿಯುತ್ತಾರೆ. ಕೋಟು ದೊಡ್ಡದು, ಬಡಕಲು ಮೈಯವರಿಗೆ ಬೆನ್ನ ಹಿಂದೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿ ಬಿಗಿ ಮಾಡುತ್ತೇನೆ. ಮುಂದಿನಿಂದ ನೋಡಿದರೆ ಅಳತೆ ಕೊಟ್ಟು ಹೊಲಿಸಿದ್ದೇ ಅನ್ನಬೇಕು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ದುಡಿದು ಕಲಿತ ವಿದ್ಯೆ ಇದು. ಇದರಿಂದಲೇ ಮನೆ ಕಟ್ಟಿದ್ದೇನೆ, ತಲೆಯೆತ್ತಿಕೊಂಡೇ ಓಡಾಡುತ್ತೇನೆ.

ಕಂಪ್ಯೂಟರು ತುಂಬಿ ತೇಕುತ್ತಿದೆಯೆಂದು, ಕೆಜಿಎಫ್‌ನ ಕಾರ್ಖಾನೆಯಲ್ಲಿರುವ ನನ್ನ ಹೆಂಡತಿಯ ತಮ್ಮ ಒಂದು ಭಾನುವಾರ ಬಂದು, ಒಂದೇ ಫೋಟೋ ಎರಡೆರಡು ಸಲ ಇದ್ದರೆ ಹುಡುಕಿ ತೆಗೆಯುವ ಸಾಫ್ಟ್‌ವೇರ್ ಹಾಕಿದ. ಟೀ ಕುಡಿಯುವುದರೊಳಗೆ ಕೆಲಸ ಮುಗಿದಿತ್ತು.

"ಒಂದೇ ಮನ್ಸನ್ನ ಎಷ್ಟ್ ಸಾರಿ ತೆಗ್ದಿದ್ಯಾ ಭಾವಾ? ಡಬಲ್ ಇದ್ದಿದ್ದೆಲ್ಲಾ ತೆಗ್ದಾಕಿವ್ನಿ," ಎಂದು ನಕ್ಕ. ನಾನೂ ನಕ್ಕೆ.

ಆ ವಾರವೇ ಕಾಮಸಮುದ್ರದ ಕಡೆಯ ಮುನಿಯಮ್ಮ ಬಸ್ಸಿಳಿದು ಬಂದಳು. ಗಂಡ ವೆಂಕಟಪ್ಪ ತೀರಿಕೊಂಡಿದ್ದ. ನಾಳೆ ತಿಥಿ, ಹಾರ ಹಾಕಲು ದೊಡ್ಡ ಫೋಟೋ ಬೇಕು. ಕುರಿಯ ಹಿಂದೆ ಅಲೆದ ಆ ಜೀವ ಸ್ಟುಡಿಯೋ ಹತ್ತಿದ್ದು ಒಂದೇ ಸಲ, ನನ್ನದೇ ಸ್ಟುಡಿಯೋ. ಆಧಾರ್ ಕಾರ್ಡಿನ ಮುಖವನ್ನು ದೊಡ್ಡದು ಮಾಡಿದರೆ ಹೊಗೆಯೊಳಗೆ ನಿಂತ ಹಾಗೆ ಕಾಣುತ್ತದೆ. ಧೈರ್ಯವಾಗಿ ಅವನ ಹೆಸರು ಒತ್ತಿದೆ. ಬಂದದ್ದು ಚಾಂಪಿಯನ್ ರೀಫ್ಸಿನ ಗಣಿಯವನ ಮುಖ.

"ಇದ್ಯಾರಣ್ಣಾ?" ಎಂದಳು ಮುನಿಯಮ್ಮ.

ಮೈಯೆಲ್ಲ ಉರಿದುಹೋಯಿತು. ಅದೇ ಕೋಟು, ಅದೇ ಪರದೆ, ಅದೇ ಕುರ್ಚಿ ಎಂದು ಯಂತ್ರವು ಎಷ್ಟೋ ಜನರನ್ನು ಒಬ್ಬನೆಂದೇ ತೀರ್ಮಾನಿಸಿ, ಒಬ್ಬನ ಮುಖ ಮಾತ್ರ ಉಳಿಸಿಕೊಂಡು, ಅದಕ್ಕೇ ಎಲ್ಲರ ಹೆಸರನ್ನೂ ಅಂಟಿಸಿತ್ತು. ಬಿಸಿಲಲ್ಲಿ ಸುಟ್ಟ ಕುರಿಗಾಹಿಗೂ ನೆಲದಡಿಯಲ್ಲಿ ಬಿಸಿಲೇ ಕಾಣದೆ ಬಾಳು ಸವೆಸಿದವನಿಗೂ ವ್ಯತ್ಯಾಸವಿಲ್ಲವೇ, ನೀವೇ ಹೇಳಿ. ಸ್ವಂತ ಸೂಟಿನ ದೊಡ್ಡವರು ಸಾಲಾಗಿ ನಿಂತರೆ ಒಬ್ಬೊಬ್ಬರ ಹೆಸರು, ಹುದ್ದೆ, ಮನೆತನ ಎಲ್ಲವೂ ಲೋಕಕ್ಕೆ ಗೊತ್ತಾಗುತ್ತದೆ. ನಮ್ಮವರು ಒಂದು ಎರವಲು ಕೋಟು ತೊಟ್ಟರೆ ಮಾತ್ರ ಒಬ್ಬನ ನಕಲು ಇನ್ನೊಬ್ಬನಾಗುತ್ತಾನೆ. ಈ ಗುಣ ಯಂತ್ರಕ್ಕೆ ಹುಟ್ಟಿನಿಂದ ಬಂದದ್ದಲ್ಲ. ಕಚೇರಿಯ ಕಿಟಕಿಯಾಚೆ ಕೂತು, ಮುಖವೆತ್ತದೆ, "ನೀವುಗಳೆಲ್ಲಾ ಇಷ್ಟೇ" ಎನ್ನುವವರನ್ನು ನೋಡಿ ಕಲಿತಿರಬೇಕು.

ಬಾಮೈದನಿಗೆ ಫೋನು ಹಚ್ಚಿ ಬೈದೆ. ತೆಗೆದುಹಾಕಿದ್ದೆಲ್ಲ ಕಂಪ್ಯೂಟರಿನ ಕಸದ ಬುಟ್ಟಿಯಲ್ಲಿ ಇರುತ್ತದೆ ನೋಡು ಎಂದ. ಕಸದ ಬುಟ್ಟಿ! ಮೈತೊಳೆದು, ತಲೆಬಾಚಿ, ನನ್ನನ್ನು ನಂಬಿ ಕೂತವರು ಅಲ್ಲಿದ್ದರು. ನಾನೂ ಮುನಿಯಮ್ಮನೂ ಬೆಂಚಿನ ಮೇಲೆ ಕೂತು ಅವರನ್ನು ಒಬ್ಬೊಬ್ಬರಾಗಿ ದಾಟಿಸುತ್ತ ಹೋದೆವು. ವೆಂಕಟಪ್ಪನ ಮುಖ ಬಂದಾಗ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಕಂಪ್ಯೂಟರಿನ ಗಾಜಿನ ಮೇಲೆ ಬೆರಳಿಟ್ಟಳು.

ಎರವಲು ಕೋಟಿನ ಫೋಟೋಗೆ ಹಾರ ಹಾಕುವುದು ಬೇಡವೆನಿಸಿದರೆ, ಕೋಟು ತೆಗೆದು ಬಿಳಿ ಅಂಗಿ ಕೂರಿಸಿಕೊಡುತ್ತೇನೆಂದೆ.

"ಬ್ಯಾಡಣ್ಣಾ, ಇರ್ಲಿ," ಎಂದಳು. "ಬೆನ್ನಿಗೆ ಕ್ಲಿಪ್ಪಾಕಿದ್ಯಂತಲ್ಲಾ ನೀನು, ಬಟ್ಟೆ ಒಣಗಾಕ್ದಂಗೆ. ಮನೆಗ್ ಬಂದು ಅದ್ನೇ ಏಳ್ಕಂಡು ನಗ್ತಿದ್ದ. ನೋಡು, ಇಲ್ಲೂ ನಗು ತಡ್ಕಂಡ್ ಕುಂತವ್ನೆ."

ನೋಡಿದೆ. ನಾನು ಗಾಂಭೀರ್ಯವೆಂದುಕೊಂಡಿದ್ದ ತುಟಿಯ ತುದಿಯಲ್ಲಿ ನಗು ಒತ್ತಿಕೊಂಡು ಕೂತಿತ್ತು.

ಬುಟ್ಟಿಯಲ್ಲಿದ್ದವರನ್ನೆಲ್ಲ ಅವರವರ ಹೆಸರಿಗೆ ಮರಳಿಸಿದ್ದೇನೆ. ಕಂಪ್ಯೂಟರು ತೇಕಿದರೆ ತೇಕಲಿ. ಕೋಟು ಅದೇ ಮೊಳೆಯಲ್ಲಿದೆ. ಕ್ಲಿಪ್ಪು ಸಿಕ್ಕಿಸಿದ ಮೇಲೆ ಈಗ ನೇರವಾಗಿ ಕ್ಯಾಮೆರಾದತ್ತ ಹೋಗುವುದಿಲ್ಲ, ಒಂದು ಗಳಿಗೆ ಎದುರಿಗೆ ನಿಂತು ಮುಖ ನೋಡುತ್ತೇನೆ. ಕೋಟು ಒಂದೇ, ನಿಜ. ಅದರೊಳಗೆ ಒಬ್ಬ ನಗು ತಡೆದುಕೊಂಡ ಹಾಗೆ ಇನ್ನೊಬ್ಬ ತಡೆದುಕೊಂಡದ್ದನ್ನು ನಾನಿನ್ನೂ ಕಂಡಿಲ್ಲ.